ಅಗ್ಗದ ಸ್ಪೋರ್ಟ್ಸ್ ಕಾರು, ಲಕ್ಷ ದಾಟಿದ ಮೀಟರು: ಕೊಳ್ಳಬಹುದೇ?

ಬೆಲೆ ನೋಡಿದರೆ ಸಾಧಾರಣ ಫ್ಯಾಮಿಲಿ ಕಾರಿನದು. ಎದುರಿಗೆ ನಿಂತಿರುವುದು ಎರಡು ಸೀಟಿನ ಸ್ಪೋರ್ಟ್ಸ್ ಕಾರು. ಮೀಟರ್ ಮಾತ್ರ ಒಂದೂವರೆ ಲಕ್ಷ ಕಿಲೋಮೀಟರ್ ದಾಟಿದೆ. ಇಷ್ಟು ಓಡಿದ ಮೇಲೆ ಎಂಜಿನ್ ಚೆನ್ನಾಗಿರುತ್ತಾ ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕೂ ಮೊದಲು ವಿಚಾರಿಸಬೇಕಾದ್ದು ಈ ಕಾರಿನ ಪಾರ್ಟ್‌ಗಳ ಬೆಲೆ.

ವಯಸ್ಸಾದಂತೆ ಕಾರಿನ ಬೆಲೆ ಇಳಿಯುತ್ತದೆ, ಪಾರ್ಟ್‌ಗಳದ್ದು ಇಳಿಯುವುದಿಲ್ಲ. ಹೊಸದಾಗಿದ್ದಾಗ ದುಬಾರಿಯಾಗಿದ್ದ ಕಾರಿನ ಬ್ರೇಕ್ ಡಿಸ್ಕ್, ಕ್ಲಚ್, ಶಾಕ್ ಅಬ್ಸಾರ್ಬರ್ ಇವತ್ತಿಗೂ ದುಬಾರಿಯೇ. ಅಗ್ಗಕ್ಕೆ ಸಿಕ್ಕಿತೆಂದು ತಂದವರ ಕೈ ಸುಡುವುದು ಇಲ್ಲೇ. ಹಾಗಾಗಿ ಕಾರಿನ ಬೆಲೆಯೊಂದನ್ನೇ ಲೆಕ್ಕ ಹಾಕಬೇಡಿ. ಕಾರಿನ ಬೆಲೆಗೆ ಮೊದಲ ವರ್ಷದ ರಿಪೇರಿ ಖರ್ಚನ್ನೂ ಸೇರಿಸಿ ನೋಡಿ.

ಮೊದಲು ಮಾಡೆಲ್‌ನ ಕಾಯಿಲೆ ತಿಳಿದುಕೊಳ್ಳಿ

ಪ್ರತಿ ಮಾಡೆಲ್‌ಗೂ ತನ್ನದೇ ಕಾಯಿಲೆ ಇರುತ್ತದೆ. 1996ರಲ್ಲಿ ಬಂದ ಮೊದಲ ತಲೆಮಾರಿನ ಪೋರ್ಷ ಬಾಕ್ಸ್‌ಟರ್‌ನಲ್ಲಿ ಎಂಜಿನ್ನಿನೊಳಗಿನ ಒಂದು ಶಾಫ್ಟ್‌ಗೆ ಆಸರೆಯಾದ ಐಎಂಎಸ್ ಬೇರಿಂಗ್ ಎಂಬ ಭಾಗವಿದೆ. ಎಲ್ಲ ಕಾರಿನಲ್ಲೂ ಅದು ಕೆಡುವುದಿಲ್ಲ. ಆದರೆ ಕೆಟ್ಟರೆ ಎಂಜಿನ್ನೇ ಹೋಗುತ್ತದೆ. ಅದನ್ನು ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು, ಅದಕ್ಕೇ ಕ್ಲಚ್ ಬದಲಿಸುವಾಗ ಈ ಕೆಲಸವನ್ನೂ ಮಾಡಿಸುವುದು ವಾಡಿಕೆ. ಮಾಡಿಸಿದ್ದರೆ ಮಾಲೀಕರ ಬಳಿ ಬಿಲ್ ಇರುತ್ತದೆ, ಕೇಳಿ.

ಮಜ್ದಾ ಆರ್‌ಎಕ್ಸ್-8ರಲ್ಲಿ ಪಿಸ್ಟನ್ನೇ ಇಲ್ಲ, ತಿರುಗುವ ರೋಟರ್ ಇದೆ. ಸ್ವಲ್ಪ ಆಯಿಲ್ ಸುಡುವುದು ಆ ಎಂಜಿನ್ನಿನ ವಿನ್ಯಾಸದಲ್ಲೇ ಇದೆ, ಅದಕ್ಕೆ ಗಾಬರಿ ಬೇಡ. ಗಾಬರಿ ಆಗಬೇಕಾದ್ದು ರೋಟರ್‌ನ ತುದಿಯ ಸೀಲ್‌ಗಳು ಸವೆದಾಗ. ಆಗ ಕಂಪ್ರೆಷನ್, ಅಂದರೆ ಎಂಜಿನ್ ಒಳಗೆ ಗಾಳಿ-ಪೆಟ್ರೋಲ್ ಮೇಲೆ ಬೀಳುವ ಒತ್ತಡ, ಕಡಿಮೆಯಾಗುತ್ತದೆ, ಬಿಸಿ ಎಂಜಿನ್ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಅದರ ಕಂಪ್ರೆಷನ್ ಅಳೆಯಲು ರೋಟರಿಗೆಂದೇ ಮಾಡಿದ ಮೀಟರ್ ಬೇಕು. ಬಿಎಂಡಬ್ಲ್ಯು ಇ46 ಎಂ3ಯಲ್ಲಿ ಹಿಂದಿನ ಸಬ್‌ಫ್ರೇಮ್ (ಸಸ್ಪೆನ್ಷನ್ ಹೊರುವ ಚೌಕಟ್ಟು) ಕೂರುವ ಜಾಗದಲ್ಲಿ ಕಾರಿನ ತಳದ ತಗಡು ಬಿರುಕು ಬಿಡಬಹುದು. ಹಳೇ ಮಜ್ದಾ ಎಂಎಕ್ಸ್-5 ಎಂಜಿನ್ ಗಟ್ಟಿ, ಬಾಗಿಲ ಕೆಳಗಿನ ಪಟ್ಟಿಗೆ ತುಕ್ಕು ಹಿಡಿಯುತ್ತದೆ.

ನಿಮಗೆ ಬೇಕಾದ ಮಾಡೆಲ್‌ನ ಇಂಥ ನಾಲ್ಕೈದು ದೋಷಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಸುಮ್ನೆ ಬಾನೆಟ್ ಎತ್ತಿ ತಲೆಯಾಡಿಸಿ ಬರುವುದಕ್ಕಿಂತ ಅದು ಎಷ್ಟೋ ವಾಸಿ.

ಬಿಲ್‌ಗಳನ್ನು ಓದಿ

ಹೆದ್ದಾರಿಯಲ್ಲಿ ಓಡಿ, ಹೊತ್ತಿಗೆ ಸರಿಯಾಗಿ ಆಯಿಲ್ ಕಂಡ ಲಕ್ಷ ಕಿಲೋಮೀಟರಿನ ಕಾರು, ವರ್ಷಗಟ್ಟಲೆ ಮೂಲೆಯಲ್ಲಿ ನಿಂತ ಕಡಿಮೆ ಓಡಿದ ಕಾರಿಗಿಂತ ಒಳ್ಳೆಯದಿರಬಹುದು. ನಿಂತ ಕಾರಿನ ಸೀಲ್ ಒಣಗುತ್ತದೆ, ಪೆಟ್ರೋಲ್ ಕೆಡುತ್ತದೆ, ಬ್ರೇಕ್ ಕಚ್ಚಿಕೊಳ್ಳುತ್ತದೆ. ಅದಕ್ಕೇ ನಾನು ಮೀಟರಿಗಿಂತ ಬಿಲ್‌ಗಳನ್ನು ಜಾಸ್ತಿ ನಂಬುತ್ತೇನೆ. ಪ್ರತಿ ಬಿಲ್ಲಿನ ತಾರೀಖು ಮತ್ತು ಕಿಲೋಮೀಟರ್ ಸಾಲಾಗಿ ಏರುತ್ತಿರಬೇಕು. ಎಲ್ಲಾದರೂ ಹಿಂದಕ್ಕೆ ಬಂದಿದ್ದರೆ ಮೀಟರ್ ತಿರುಗಿಸಿದ್ದಾರೆ ಎಂದೇ ಅನುಮಾನಿಸಬೇಕು.

ಪಿಸ್ಟನ್ ಮತ್ತು ವಾಲ್ವ್‌ಗಳ ಓಟವನ್ನು ಹೊಂದಿಸುವ ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ ಅದನ್ನು ಕೊನೆಗೆ ಬದಲಿಸಿದ್ದು ಯಾವಾಗ ಎಂದು ಹುಡುಕಿ. ಕಿಲೋಮೀಟರ್ ಆಗದಿದ್ದರೂ ವಯಸ್ಸಾದರೆ ಬೆಲ್ಟ್ ಬದಲಿಸಬೇಕು. ಅನೇಕ ಎಂಜಿನ್‌ಗಳಲ್ಲಿ ಅದು ತುಂಡಾದರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ. ಬಿಲ್ ಇಲ್ಲ ಅಂದರೆ ಕೆಲಸ ಆಗಿಲ್ಲ ಎಂದೇ ಲೆಕ್ಕ ಹಿಡಿಯಿರಿ.

ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ

ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ ಎಂದು ಮೊದಲೇ ಹೇಳಿರಿ. ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಡಿ. ಬಿಸಿ ಇದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ತಣ್ಣನೆಯ ಎಂಜಿನ್ ಹೇಳುವ ಸತ್ಯವನ್ನು ಬಿಸಿ ಎಂಜಿನ್ ಮುಚ್ಚಿಡುತ್ತದೆ.

ಸ್ಟಾರ್ಟ್ ಮಾಡುವ ಮುನ್ನ ಡಿಪ್‌ಸ್ಟಿಕ್ ಎಳೆದು ಆಯಿಲ್ ಮಟ್ಟ ನೋಡಿ. ಕನಿಷ್ಠ ಗೆರೆಗಿಂತ ಕೆಳಗಿದ್ದರೆ ಮಾಲೀಕರಿಗೆ ಕಾರಿನ ಮೇಲೆ ಗಮನವಿಲ್ಲ ಎಂದರ್ಥ. ಆಯಿಲ್ ಹಾಲು ಬೆರೆಸಿದ ಕಾಫಿಯಂತಿದ್ದರೆ ಕೂಲಂಟ್ (ಎಂಜಿನ್ ತಂಪಾಗಿಸುವ ದ್ರವ) ಒಳಗೆ ಸೇರಿದೆ, ಅಲ್ಲಿಂದಲೇ ವಾಪಸ್ ಬನ್ನಿ. ಆಯಿಲ್ ಹಾಕುವ ಮುಚ್ಚಳದ ಅಡಿಯಲ್ಲಿ ಮಾತ್ರ ತೆಳುವಾಗಿ ಬಿಳಿ ಪಸೆ ಇದ್ದರೆ, ಬರೀ ಹತ್ತಿರದ ಓಡಾಟದ ಕಾರಿನಲ್ಲೂ ಅದು ಕಾಣುತ್ತದೆ.

ಈಗ ಬೇರೆಯವರಿಂದ ಸ್ಟಾರ್ಟ್ ಮಾಡಿಸಿ, ನೀವು ಸೈಲೆನ್ಸರ್ ಹಿಂದೆ ನಿಲ್ಲಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಕಪ್ಪು ಹೊಗೆ ಬಂದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಬಿಳಿ ಆವಿ ಚಳಿಯಲ್ಲಿ ಸಹಜ, ಬಿಸಿಯಾದ ಮೇಲೂ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗ ಮತ್ತು ಕೆಳಭಾಗದ ನಡುವಿನ ಸೀಲ್) ಮೇಲೆ ಅನುಮಾನ ಪಡಿ. ಎಂಜಿನ್ನಿನ ತಳದಿಂದ ದಪ್ಪ ದನಿಯ ಕುಟ್ಟುವ ಶಬ್ದ ಬರುತ್ತಿದ್ದು, ರೇಸ್ ಕೊಟ್ಟಾಗ ಜಾಸ್ತಿಯಾದರೆ ಬೇರಿಂಗ್ ಸವೆದಿರಬಹುದು.

ಟೈರು, ತಳ, ಓಡಾಟ

ಟೈರ್‌ನ ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಗುರುತು ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ನಾಲ್ಕು ಚಕ್ರಕ್ಕೆ ನಾಲ್ಕು ಅಗ್ಗದ ಬ್ರ್ಯಾಂಡ್ ಹಾಕಿದವರು ಕಣ್ಣಿಗೆ ಕಾಣದ ಕಡೆಯೂ ಹಾಗೇ ಉಳಿಸಿರುತ್ತಾರೆ, ಅಲ್ವಾ? ಒಳಗಿನ ಅಂಚು ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ, ಇಲ್ಲವೇ ಸಸ್ಪೆನ್ಷನ್‌ನ ರಬ್ಬರ್ ಬುಷ್ ಹೋಗಿವೆ. ಸಾಫ್ಟ್‌ಟಾಪ್ (ಬಟ್ಟೆಯ ಚಾವಣಿಯ) ಕಾರಾದರೆ ಕಾರ್ಪೆಟ್ ಎತ್ತಿ ಕೈಯಿಂದ ಒತ್ತಿ ನೋಡಿ, ಒದ್ದೆ ಇದ್ದರೆ ಅಡಿಯಲ್ಲಿ ತುಕ್ಕು ಶುರುವಾಗಿರಬಹುದು.

ಟೆಸ್ಟ್ ಡ್ರೈವ್‌ನಲ್ಲಿ ಹಾಡು ಹಾಕಲು ಬಿಡಬೇಡಿ. ಮೇಲಿನ ಗೇರಿನಲ್ಲಿ ನಿಧಾನವಾಗಿ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ. ಮೂರರಿಂದ ಎರಡನೇ ಗೇರಿಗೆ ಇಳಿಸಿ, ಕರ್ ಎಂದರೆ ಗೇರ್ ಸಲೀಸಾಗಿ ಕೂರಿಸುವ ಸಿಂಕ್ರೊ ಸವೆದಿದೆ. ಕ್ಲಚ್ ಬದಲಿಸುವ ಖರ್ಚು ಅಂದಾಜಿಗೆ ಸಿಗುತ್ತದೆ, ಗೇರ್‌ಬಾಕ್ಸ್ ಬಿಚ್ಚಿದರೆ ಬಿಲ್ ಎಲ್ಲಿ ನಿಲ್ಲುತ್ತದೋ ಹೇಳುವುದು ಕಷ್ಟ.

ಸ್ಕ್ಯಾನರ್ ಮತ್ತು ಮೆಕ್ಯಾನಿಕ್

ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷ ಓದುವ ಸಣ್ಣ ಒಬಿಡಿ ಸ್ಕ್ಯಾನರ್ ಒಂದನ್ನು ಜತೆಗೆ ಒಯ್ಯಿರಿ. ಎರರ್ ಕೋಡ್ ಇಲ್ಲ ಎಂದು ಖುಷಿಪಡುವ ಮೊದಲು ರೆಡಿನೆಸ್ ಮಾನಿಟರ್ ಪುಟ ತೆರೆಯಿರಿ, ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಂಡಿದೆಯೇ ಎಂದು ಅದು ತೋರಿಸುತ್ತದೆ. ಅಲ್ಲಿ ಹಲವು ಪರೀಕ್ಷೆಗಳು ಅಪೂರ್ಣ ಎಂದಿದ್ದರೆ, ಇತ್ತೀಚೆಗೆ ಕೋಡ್ ಅಳಿಸಿದ್ದಾರೆ ಅಥವಾ ಬ್ಯಾಟರಿ ತೆಗೆದಿದ್ದಾರೆ. ಯಾಕೆ ಎಂದು ನೇರವಾಗಿ ಕೇಳಿ.

ಇಷ್ಟೆಲ್ಲ ಪಾಸಾದರೆ ಮಾತ್ರ ಆ ಮಾಡೆಲ್ ಗೊತ್ತಿರುವ ಮೆಕ್ಯಾನಿಕ್ ಬಳಿ ಲಿಫ್ಟ್ ಮೇಲೆ ಏರಿಸಿ ನೋಡಿಸಿ. ಕಂಪ್ರೆಷನ್ ಟೆಸ್ಟ್‌ನಲ್ಲಿ ಸಿಲಿಂಡರ್‌ಗಳ ನಡುವೆ ಹೆಚ್ಚು ವ್ಯತ್ಯಾಸ ಇರಬಾರದು. ಈ ಪರೀಕ್ಷೆಯ ಫೀಸು ಉಳಿಸಲು ಹೋಗಬೇಡಿ. ಮಾಲೀಕರು ಲಿಫ್ಟ್ ಬೇಡ ಅಂದರೆ ನಿಮಗೂ ಆ ಕಾರು ಬೇಡ.

ಕೊನೆಗೆ ಲೆಕ್ಕ

ಮೆಕ್ಯಾನಿಕ್ ಹೇಳಿದ ಕೆಲಸಗಳನ್ನು ಎರಡು ಪಟ್ಟಿ ಮಾಡಿ. ಬ್ರೇಕ್, ಟೈರ್, ಬೆಲ್ಟ್, ಕೂಲಿಂಗ್ ಪೈಪ್ ತಕ್ಷಣದ ಪಟ್ಟಿಗೆ. ಸೀಟಿನ ಹರಕು, ಮಾಸಿದ ಬಣ್ಣ ಕಾಯುವ ಪಟ್ಟಿಗೆ. ಮೊದಲ ಪಟ್ಟಿಯ ಮೊತ್ತವನ್ನು ಕಾರಿನ ಬೆಲೆಗೆ ಕೂಡಿಸಿ. ಅದೇ ಮಾಡೆಲ್‌ನ ಚೆನ್ನಾಗಿ ನೋಡಿಕೊಂಡ, ಸ್ವಲ್ಪ ದುಬಾರಿ ಕಾರಿನ ಬೆಲೆಯ ಜತೆ ಹೋಲಿಸಿ. ಬಹಳ ಸಲ ಆ ದುಬಾರಿ ಕಾರೇ ಅಗ್ಗವಾಗುತ್ತದೆ.

ಮೊತ್ತ ಸರಿಹೊಂದಿದರೂ ಇನ್ನೊಂದು ಯೋಚನೆ ಮಾಡಿ. ದಿನಾ ಕೆಲಸಕ್ಕೆ ಹೋಗಲು ಮನೆಯಲ್ಲಿ ಬೇರೆ ವಾಹನ ಇದೆಯೇ? ಹಳೇ ಸ್ಪೋರ್ಟ್ಸ್ ಕಾರು ಒಂದು ಪಾರ್ಟ್‌ಗಾಗಿ ವಾರಗಟ್ಟಲೆ ಗ್ಯಾರೇಜಿನಲ್ಲಿ ನಿಲ್ಲುವುದು ಮಾಮೂಲು. ಬೇರೆ ವಾಹನ ಇದ್ದರೆ ತಕ್ಷಣದ ಪಟ್ಟಿಯನ್ನು ಮುಂದಿಟ್ಟು ಚೌಕಾಸಿ ಮಾಡಿ. ಇಲ್ಲದಿದ್ದರೆ ಸದ್ಯಕ್ಕೆ ಕೈ ಬಿಡಿ.