ಇಂಗ್ಲೆಂಡಿನ ರೈಲು ಕಂಪನಿ ನಿಮ್ಮ ಮೇಲೆ ಯಾವಾಗ ಕೇಸ್ ಹಾಕುತ್ತದೆ?

ಟಿಕೆಟ್ ತಗೊಂಡು ರೈಲು ಹತ್ತಿ ಅಂತ ಯಾರಿಗೂ ಹೇಳಬೇಕಾಗಿಲ್ಲ. ಇಲ್ಲಿ ನಮ್ಮವರು ಸಿಕ್ಕಿಬೀಳುವುದು ಹೆಚ್ಚಾಗಿ ಬೇರೆ ಕಾರಣಗಳಿಗೆ. ಅವಧಿ ಮುಗಿದ ರೈಲ್‌ಕಾರ್ಡ್ (ರಿಯಾಯಿತಿ ಕಾರ್ಡ್), ಬೇರೆ ಕಂಪನಿಯ ರೈಲಿಗೆ ತೆಗೆದ ಟಿಕೆಟ್, ರಶ್ ಇಲ್ಲದ ಹೊತ್ತಿನ ಆಫ್-ಪೀಕ್ ಟಿಕೆಟ್ ಹಿಡಿದು ಬೆಳಗಿನ ಎಂಟರ ರೈಲು. ಊರಲ್ಲಾದರೆ ಟಿಟಿಇ ಟಿಕೆಟ್ ದರ ಮತ್ತು ಅದರ ಮೇಲೆ ಕನಿಷ್ಠ 250 ರೂಪಾಯಿ ಕಟ್ಟಿಸಿಕೊಂಡು ರಸೀದಿ ಹರಿದುಕೊಟ್ಟರೆ ಮುಗೀತು. ಇಲ್ಲೂ ಪೆನಾಲ್ಟಿ ಫೇರ್ ಅಂತ ಇದೆ: 2023ರಿಂದ 100 ಪೌಂಡ್ ಮತ್ತು ಟಿಕೆಟ್ ದರ, 21 ದಿನದೊಳಗೆ ಕಟ್ಟಿದರೆ ದಂಡ ಅರ್ಧ. ಇನ್‌ಸ್ಪೆಕ್ಟರ್ ಅದನ್ನು ಹಾಕಿದರೆ ಬಚಾವಾದೆ ಅಂದುಕೊಳ್ಳಿ, ಅದು ಕ್ರಿಮಿನಲ್ ಶಿಕ್ಷೆಯಲ್ಲ. ಆದರೆ ಅವರು ಅದನ್ನೇ ಹಾಕಬೇಕು ಅಂತ ಇಲ್ಲ. ಅದರ ಬದಲು ಇನ್‌ಸ್ಪೆಕ್ಟರ್ ನಿಮ್ಮ ಹೆಸರು, ವಿಳಾಸ ಬರೆದುಕೊಂಡು ವರದಿ ಕಳಿಸಬಹುದು.

ಆಮೇಲೆ ಕೇಸ್ ಹಾಕಬೇಕೋ ಬೇಡವೋ ಅನ್ನುವುದನ್ನು ಸಾಮಾನ್ಯವಾಗಿ ತೀರ್ಮಾನಿಸುವುದು ಪೊಲೀಸರಲ್ಲ, ರೈಲು ಕಂಪನಿಯೇ. ಇಂಗ್ಲೆಂಡ್, ವೇಲ್ಸ್‌ನಲ್ಲಿ ಖಾಸಗಿಯವರೂ ಕ್ರಿಮಿನಲ್ ಕೇಸ್ ಹಾಕಬಹುದು. ಸ್ಕಾಟ್ಲೆಂಡಿನಲ್ಲಿ ಆ ತೀರ್ಮಾನ ಪ್ರಾಕ್ಯುರೇಟರ್ ಫಿಸ್ಕಲ್ ಅನ್ನೋ ಸರ್ಕಾರಿ ವಕೀಲರದ್ದು, ನನ್ನ ಕೇಳಿದರೆ ಅದೇ ಸರಿ. ನಷ್ಟ ಆಯಿತು ಅನ್ನುವವರೇ ತನಿಖೆಯನ್ನೂ ಮಾಡಿ ಕೇಸನ್ನೂ ಹಾಕಿದರೆ ಏನಾಗುತ್ತದೆ ಅಂತ ಇಲ್ಲಿನ ಪೋಸ್ಟ್ ಆಫೀಸ್ ಹಗರಣದಲ್ಲಿ ನೋಡಿದ್ದೇವೆ. ಹೊರೈಜನ್ ಅನ್ನೋ ಕಂಪ್ಯೂಟರಿನ ತಪ್ಪು ಲೆಕ್ಕ ನಂಬಿ ನೂರಾರು ಸಬ್-ಪೋಸ್ಟ್‌ಮಾಸ್ಟರ್‌ಗಳನ್ನು ಕಳ್ಳರು ಮಾಡಿದರು. ಅವರಲ್ಲಿ ಭಾರತ ಮೂಲದವರೂ ಇದ್ದರು. ಆ ಶಿಕ್ಷೆಗಳನ್ನು ರದ್ದು ಮಾಡಲು 2024ರಲ್ಲಿ ಪಾರ್ಲಿಮೆಂಟ್ ಕಾಯ್ದೆಯನ್ನೇ ತರಬೇಕಾಯಿತು.

ಕಂಪನಿಯ ಕೈಯಲ್ಲಿ ಎರಡು ಅಸ್ತ್ರ. ಒಂದು ರೈಲ್ವೆ ಬೈಲಾ 18: ಸರಿಯಾದ ಟಿಕೆಟ್ ಇಲ್ಲದಿದ್ದರೆ ಸಾಕು, ಮೋಸದ ಉದ್ದೇಶ ಇತ್ತು ಅಂತ ಸಾಬೀತು ಮಾಡಬೇಕಿಲ್ಲ. ಇನ್ನೊಂದು 1889ರ ರೆಗ್ಯುಲೇಷನ್ ಆಫ್ ರೈಲ್ವೇಸ್ ಕಾಯ್ದೆ. ಅದಕ್ಕೆ ಹಣ ತಪ್ಪಿಸುವ ಉದ್ದೇಶ ತೋರಿಸಬೇಕು, ಜೈಲಿಗೂ ಅವಕಾಶ ಇದೆ. ಬೇರೆಯವರ ಪಾಸ್, ಸುಳ್ಳು ಹೆಸರು, ಎರಡು ತುದಿಗೆ ಮಾತ್ರ ಟಿಕೆಟ್ ತೆಗೆದು ನಡುವಿನದ್ದು ನುಂಗುವುದು, ಇವೆಲ್ಲ ಎರಡನೆಯದಕ್ಕೆ ಹೋಗುತ್ತವೆ. ಆ್ಯಪಿನಲ್ಲಿ ನೀವು ತೆಗೆದ ಹಳೆಯ ಟಿಕೆಟ್‌ಗಳನ್ನೂ ತಿರುವಿಹಾಕುತ್ತಾರೆ. ಒಮ್ಮೆಯ ಎಡವಟ್ಟೋ, ತಿಂಗಳುಗಟ್ಟಲೆ ನಡೆದದ್ದೋ ಅನ್ನುವುದರ ಮೇಲೆ ತೀರ್ಮಾನ ತುಂಬಾ ನಿಂತಿರುತ್ತದೆ.

ಇನ್‌ಸ್ಪೆಕ್ಟರ್ ಪುಸ್ತಕ ತೆಗೆದು, ನೀವು ಏನೂ ಹೇಳಬೇಕಾಗಿಲ್ಲ ಅಂತ ಶುರುವಾಗುವ ಸಾಲು ಓದಿದರೆ ಅದು ಕಾಷನ್, ಅಂದರೆ ನಿಮ್ಮ ಮಾತು ಸಾಕ್ಷಿಯಾಗಬಹುದು ಅನ್ನುವ ಕಾನೂನಿನ ಎಚ್ಚರಿಕೆ. ಆಗ ನಮ್ಮವರು ಗಾಬರಿಯಲ್ಲಿ ಕೈಮುಗಿದು "ಸಾರಿ ಸರ್, ಒಂದೆರಡು ಸಲ ಹೀಗೆ ಬಂದಿದ್ದೆ" ಅಂದುಬಿಡುತ್ತಾರೆ. ಅದೇ ಸಾಕ್ಷಿ. ಹೆಸರು, ವಿಳಾಸ ಸರಿಯಾಗಿ ಕೊಡಿ, ಸುಳ್ಳು ಬೇಡವೇ ಬೇಡ. ಬರೆದದ್ದನ್ನು ಓದದೆ ಮಾತ್ರ ಸಹಿ ಹಾಕಬೇಡಿ.

ಈಗ ದುಡ್ಡು ತಿನ್ನುವ ವಿಷಯ. ಕೆಲವು ವಾರ ಬಿಟ್ಟು ಕಂಪನಿಯಿಂದ ಕಾಗದ ಬರುತ್ತದೆ: ನಡೆದದ್ದೇನು, ನಿಮ್ಮ ಮಾತಲ್ಲಿ ಬರೆಯಿರಿ ಅಂತ. ಅದೇ ನಿಮಗಿರುವ ಒಳ್ಳೆಯ ಅವಕಾಶ. ನಡೆದದ್ದನ್ನು ಚಿಕ್ಕದಾಗಿ ಹೇಳಿ, ಕ್ಷಮೆ ಕೇಳಿ, ಟಿಕೆಟ್ ದರ ಮತ್ತು ಅವರ ಖರ್ಚು ಕೊಡುತ್ತೇನೆ ಅಂದರೆ ಎಷ್ಟೋ ಕೇಸ್ ಕೋರ್ಟಿನ ಹೊರಗೇ ಮುಗಿಯುತ್ತವೆ. ಒಪ್ಪಲೇಬೇಕು ಅಂತ ಅವರಿಗೇನಿಲ್ಲ, ಆದರೂ ಬರೆಯಿರಿ. ಉತ್ತರ ಕೊಡದಿದ್ದರೆ ಬರುವುದು ಸಿಂಗಲ್ ಜಸ್ಟಿಸ್ ನೋಟಿಸ್. ಉತ್ತರಕ್ಕೆ 21 ದಿನ. ಅದಕ್ಕೂ ಸುಮ್ಮನಿದ್ದರೆ ಒಬ್ಬ ಮ್ಯಾಜಿಸ್ಟ್ರೇಟ್ ಕಾಗದ ನೋಡಿಯೇ ಶಿಕ್ಷೆ ಬರೆಯುತ್ತಾರೆ. ನೀವು ಅಲ್ಲಿರುವುದಿಲ್ಲ, ಸಾರ್ವಜನಿಕರೂ ಇರುವುದಿಲ್ಲ.

ಹುಬ್ಬಳ್ಳಿ ಕಡೆಯ ಒಬ್ಬ ಹುಡುಗನ ರೈಲ್‌ಕಾರ್ಡ್ ಮುಗಿದಿತ್ತು, ನೋಡಿರಲಿಲ್ಲ. ತಪ್ಪಿಸಿದ ಹಣ ಆರು ಪೌಂಡ್ ಚಿಲ್ಲರೆ. ಸ್ಲೌನ ಬಾಡಿಗೆ ರೂಮಿನ ವಿಳಾಸ ಕೊಟ್ಟ, ಮುಂದಿನ ತಿಂಗಳು ಕೆಲಸ ಸಿಕ್ಕಿ ಲೆಸ್ಟರಿಗೆ ಹೋದ. ಕಾಗದಗಳೆಲ್ಲ ಹಳೇ ಮನೆಯ ಬಾಗಿಲ ಹಿಂದೆ, ಪಿಜ್ಜಾ ಅಂಗಡಿಯ ಪಾಂಪ್ಲೆಟ್‌ಗಳ ಜೊತೆ ಬಿದ್ದಿದ್ದವು. ರೂಮ್‌ಮೇಟ್ ಫೋಟೋ ಕಳಿಸುವಾಗ ದಂಡ, ಖರ್ಚು ಎಲ್ಲ ಸೇರಿ ಐನೂರು ಪೌಂಡ್ ಹತ್ತಿರ ಹೋಗಿತ್ತು, ತಪ್ಪಿತಸ್ಥ ಅಂತ ತೀರ್ಪೂ ಆಗಿತ್ತು.

ಹೀಗಾದರೆ ಸುಮ್ನೆ ದಂಡ ಕಟ್ಟಿಬಿಡಬೇಡಿ. ಕೇಸಿನ ವಿಷಯವೇ ಗೊತ್ತಿರಲಿಲ್ಲ ಅಂತ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಸ್ಟ್ಯಾಚ್ಯುಟರಿ ಡಿಕ್ಲರೇಷನ್ (ಪ್ರಮಾಣ ಮಾಡಿದ ಹೇಳಿಕೆ) ಕೊಡಬಹುದು, ಗೊತ್ತಾದ 21 ದಿನದೊಳಗೆ. ಶಿಕ್ಷೆ ರದ್ದಾಗಿ ಕೇಸ್ ಮೊದಲಿಂದ ಶುರುವಾಗುತ್ತದೆ, ಆಗ ಮತ್ತೆ ಕಂಪನಿಗೆ ಬರೆಯಬಹುದು. ಈ ಹುಡುಗ ಅದನ್ನೇ ಮಾಡಿದ. ಮನೆ ಬದಲಿಸಿದವರು ರಾಯಲ್ ಮೇಲ್‌ಗೆ ದುಡ್ಡು ಕೊಟ್ಟು ಟಪಾಲು ಹೊಸ ವಿಳಾಸಕ್ಕೆ ತಿರುಗಿಸಿಕೊಳ್ಳಿ. ಅಲ್ಲಿ ಉಳಿಸೋಕೆ ಹೋಗಬೇಡಿ.

ಕಂಪನಿಗಳೂ ಎಡವುತ್ತವೆ. 1889ರ ಕಾಯ್ದೆಯ ಕೇಸ್‌ಗಳನ್ನು ಈ ಸಿಂಗಲ್ ಜಸ್ಟಿಸ್ ದಾರಿಯಲ್ಲಿ ನಡೆಸುವಂತೆಯೇ ಇರಲಿಲ್ಲ. ಆದರೂ ವರ್ಷಗಟ್ಟಲೆ ನಡೆಸಿದ್ದರು. 2024ರ ಆಗಸ್ಟಿನಲ್ಲಿ ಚೀಫ್ ಮ್ಯಾಜಿಸ್ಟ್ರೇಟ್ ಅಂಥ ಕೇಸ್‌ಗಳು ಅಸಿಂಧು ಅಂದರು. ಸುಮಾರು 74,000 ಜನರಿಗೆ ಇದು ಅನ್ವಯಿಸುತ್ತದೆ ಅನ್ನುವ ಅಂದಾಜಿತ್ತು. ಹಳೇ ಶಿಕ್ಷೆ ಇರುವವರು ಯಾವ ಕಾಯ್ದೆಯಡಿ ಆಯಿತು ಅಂತ ಕಾಗದ ತೆಗೆದು ನೋಡಿ.

ಇನ್ನೊಂದು ಎಚ್ಚರಿಕೆ. ವೀಸಾ ಅರ್ಜಿಯಲ್ಲಿ, ಇಲ್ಲೇ ಕಾಯಂ ಇರಲು ಹಾಕುವ ಐಎಲ್‌ಆರ್ ಅರ್ಜಿಯಲ್ಲಿ ಶಿಕ್ಷೆಗಳ ಬಗ್ಗೆ ಕೇಳುತ್ತಾರೆ. ರೈಲಿನ ದಂಡ ತಾನೇ ಅಂತ ಮುಚ್ಚಿಟ್ಟರೆ, ವಂಚನೆ ಅಂತ ಅರ್ಜಿಯನ್ನೇ ತಿರಸ್ಕರಿಸಬಹುದು. ಕೋರ್ಟಿನ ಕಾಗದ ಹಿಡಿದು ಇಮಿಗ್ರೇಷನ್ ವಕೀಲರನ್ನು ಕೇಳಿ, ಆಮೇಲೆ ಅರ್ಜಿ ತುಂಬಿ.