‘ಕಂಡುಬಂದಿಲ್ಲ’ ಎಂದು ಬರೆಯುವ ಮೊದಲು

ಪ್ರಯೋಗಾಲಯಕ್ಕೆ ಸೇರಿದ ಮೊದಲ ವರ್ಷ ಒಬ್ಬ ಜ್ವರಪೀಡಿತರ ವರದಿಯಲ್ಲಿ ‘ಮಲೇರಿಯಾ ರೋಗಾಣು ಕಂಡುಬಂದಿಲ್ಲ’ ಎಂದು ಬರೆದು ಕಳುಹಿಸಿದೆ. ರಕ್ತ ಲೇಪಿಸಿದ ಗಾಜಿನ ಸ್ಲೈಡಿನಲ್ಲಿ ಮೂವತ್ತೋ ನಲವತ್ತೋ ಫೀಲ್ಡ್ (ಸೂಕ್ಷ್ಮದರ್ಶಕದಲ್ಲಿ ಒಮ್ಮೆಗೆ ಕಾಣುವ ವೃತ್ತ) ನೋಡಿ ಎದ್ದುಬಿಟ್ಟಿದ್ದೆ. ಮರುದಿನ ಅವರು ಗಡಗಡ ನಡುಗುತ್ತಾ ಮತ್ತೆ ಬಂದರು. ಹಿರಿಯ ತಂತ್ರಜ್ಞರು ಹಳೆಯ ಸ್ಲೈಡನ್ನೇ ನನ್ನ ಮುಂದಿಟ್ಟು, ‘ಇನ್ನೊಮ್ಮೆ ನೋಡು’ ಎಂದರು. ತೊಂಬತ್ತು ಫೀಲ್ಡ್ ದಾಟಿದ ಮೇಲೆ ಸಿಕ್ಕಿತು: ನೀಲಿ ಗೆರೆಯ ಒಂದು ಉಂಗುರ, ಅದರ ಅಂಚಿನಲ್ಲಿ ಕೆಂಪು ಹರಳಿನಂತೆ ಎರಡು ಚುಕ್ಕೆ. ಫಾಲ್ಸಿಪಾರಮ್, ಮಲೇರಿಯಾದ ಅತಿ ಅಪಾಯಕಾರಿ ಜಾತಿ! ಆ ರೋಗಿ ಗುಣಮುಖರಾದರು. ಆದರೂ ಕಳೆದುಹೋದ ಆ ಒಂದು ದಿನ ಇಂದಿಗೂ ನನ್ನನ್ನು ಚುಚ್ಚುತ್ತದೆ.

ಅಂದಿನಿಂದ ದಪ್ಪ ಲೇಪನದಲ್ಲಿ (ಸ್ಲೈಡಿನ ಮೇಲೆ ದಪ್ಪಗೆ ಹರಡಿದ ರಕ್ತದ ಹನಿಯಲ್ಲಿ) ಕನಿಷ್ಠ 100 ಫೀಲ್ಡ್ ನೋಡದೆ ನಾನು ‘ಇಲ್ಲ’ ಎಂದು ಬರೆಯುವುದಿಲ್ಲ. ದಪ್ಪ ಲೇಪನವನ್ನು, ಕಣಗಳನ್ನು ಒಡೆಯದಂತೆ ಹಿಡಿದಿಡುವ ಮೆಥನಾಲ್‌ಗೆ ತಾಗಿಸಬಾರದು. ಕೆಂಪು ರಕ್ತಕಣಗಳು ನೀರಿನಲ್ಲಿ ಒಡೆದು ಕರಗಿದರೆ ಮಾತ್ರ ರೋಗಾಣು ಎದ್ದು ಕಾಣುತ್ತದೆ. ತೆಳು ಲೇಪನಕ್ಕೆ ಮೆಥನಾಲ್ ಬೇಕೇ ಬೇಕು, ಏಕೆಂದರೆ ಅಲ್ಲಿ ಕಣದ ಆಕಾರ ನೋಡಿ ಜಾತಿ ಹೇಳಬೇಕು. ಮಲೇರಿಯಾದ ಇನ್ನೊಂದು ಜಾತಿಯಾದ ವೈವ್ಯಾಕ್ಸ್ ಹೊಕ್ಕ ಕಣ ಉಬ್ಬಿಕೊಂಡು ಮೈತುಂಬ ನಸುಗೆಂಪು ಚುಕ್ಕೆ ಹೊತ್ತಿರುತ್ತದೆ. ಗೀಮ್ಸಾ ಬಣ್ಣ ಕಲಸುವ ನೀರಿನ ಪಿಎಚ್ 7.2ರಿಂದ ಆಮ್ಲೀಯದ ಕಡೆಗೆ ಸರಿದರೆ ಆ ಚುಕ್ಕೆಗಳೇ ಕಾಣುವುದಿಲ್ಲ. ಹಾಗಾಗಿ ಈ ನೀರನ್ನು ನಾನು ಬೇರೆಯವರ ಕೈಗೆ ಬಿಡುವುದಿಲ್ಲ.

ಫಾಲ್ಸಿಪಾರಮ್ ವಿಷಯದಲ್ಲಿ ಭಯ ಹುಟ್ಟಿಸುವ ಸಂಗತಿ ಬೇರೆಯೇ ಇದೆ. ಬಲಿತ ರೋಗಾಣು ಹೊತ್ತ ಕಣಗಳು ಮಿದುಳು, ಮೂತ್ರಪಿಂಡಗಳ ಕಿರುನಾಳಗಳ ಗೋಡೆಗೆ ಅಂಟಿಕೊಂಡು ರಕ್ತದ ಹರಿವಿಗೆ ತಡೆಯೊಡ್ಡುತ್ತವೆ. ಬೆರಳಿನಿಂದ ತೆಗೆದ ಹನಿಗೆ ಬರುವುದು ಬಹುಪಾಲು ಎಳೆಯ ಉಂಗುರಗಳು ಮಾತ್ರ. ಸ್ಲೈಡಿನಲ್ಲಿ ಹತ್ತೇ ಕಂಡರೂ ಒಳಗೆ ಎಷ್ಟು ಅಡಗಿವೆಯೋ! ಆದ್ದರಿಂದ ಬಿಳಿ ರಕ್ತಕಣಗಳನ್ನೂ ಬಿಡದೆ ನೋಡುತ್ತೇನೆ. ಅವುಗಳ ಹೊಟ್ಟೆಯಲ್ಲಿ ಕಂದುಗಪ್ಪು ಹರಳುಗಳು ಕಂಡರೆ ಕೂಡಲೇ ವೈದ್ಯರಿಗೆ ಫೋನ್ ಮಾಡುತ್ತೇನೆ. ಅದು ಹಿಮೋಗ್ಲೋಬಿನ್ ತಿಂದ ರೋಗಾಣು ಬಿಟ್ಟುಹೋದ ಕಸ.

ತೀವ್ರ ಮಲೇರಿಯಾಕ್ಕೆ ಆರ್ಟಿಸುನೇಟ್ ಚುಚ್ಚುಮದ್ದು ಶುರುವಾದ ಮೇಲೆ ದಿನವೂ ರೋಗಾಣುಗಳನ್ನು ಎಣಿಸುತ್ತೇನೆ. ಉಂಗುರಗಳು ಮಾಯವಾದರೂ ಬಾಳೆಹಣ್ಣಿನಾಕಾರದ ಗ್ಯಾಮಿಟೊಸೈಟ್‌ಗಳು (ಸೊಳ್ಳೆಗೆ ದಾಟುವ ರೋಗಾಣು ರೂಪಗಳು) ವಾರಗಟ್ಟಲೆ ಉಳಿಯಬಹುದು. ಅದು ಔಷಧ ಸೋತ ಲಕ್ಷಣವಲ್ಲ ಎಂದು ವರದಿಯ ಜೊತೆಗೇ ತಿಳಿಸುತ್ತೇನೆ.

ವೈವ್ಯಾಕ್ಸ್ ಯಕೃತ್ತಿನಲ್ಲಿ ನಿದ್ರಿಸುವ ರೂಪದಲ್ಲಿ ಉಳಿದುಕೊಳ್ಳುತ್ತದೆ. ಅದನ್ನು ಯಾವ ಸ್ಲೈಡೂ ತೋರಿಸದು. ಆ ರೂಪವನ್ನು ಕೊಲ್ಲಲು ಪ್ರೈಮಾಕ್ವಿನ್ ಮಾತ್ರೆ ಬೇಕು; ಅದು ಕೆಂಪು ರಕ್ತಕಣಗಳಿಗೆ ಹಾನಿ ಮಾಡದೇ ಎಂದು ತಿಳಿಯಲು ಜಿ6ಪಿಡಿ ಎಂಬ ಕಿಣ್ವದ ಪರೀಕ್ಷೆ ಮಾಡಿದ ನಂತರ ವೈದ್ಯರು ಅದನ್ನು ಸಾಮಾನ್ಯವಾಗಿ 14 ದಿನ ಕೊಡುತ್ತಾರೆ. ನಾಲ್ಕು ತಿಂಗಳ ಬಳಿಕ ಮತ್ತೆ ಜ್ವರ ಬಂದಿದ್ದ ಒಬ್ಬರನ್ನು, ಮಾತ್ರೆ ಪೂರ್ತಿ ತೆಗೆದುಕೊಂಡಿರಾ ಎಂದು ಕೇಳಿದೆ. ‘ಜ್ವರ ಬಿಟ್ಟಿತಲ್ಲ, ಐದನೆಯ ದಿನಕ್ಕೇ ನಿಲ್ಲಿಸಿದೆ’ ಎಂದರು. ಅವರ ಸ್ಲೈಡಿನಲ್ಲಿ ಮತ್ತೆ ಅದೇ ಉಬ್ಬಿದ ಕಣಗಳು, ಅದೇ ನಸುಗೆಂಪು ಚುಕ್ಕೆಗಳು.