ಹುಡುಕದೆ ಕಟ್ಟಿದ 6, 10, 14ರ ಮಾಯಾಚೌಕ

ಮಾಯಾಚೌಕದಲ್ಲಿ 1ರಿಂದ ಶುರುವಾಗುವ ಸಂಖ್ಯೆಗಳನ್ನು ಪ್ರತಿ ಅಡ್ಡಸಾಲು, ಕಂಬಸಾಲು, ಕರ್ಣದ ಮೊತ್ತ ಒಂದೇ ಬರುವಂತೆ ಇಡಬೇಕು; ಒಂದು ಬದಿಯ ಮನೆಗಳ ಎಣಿಕೆಯೇ ಕ್ರಮ. ಬೆಸ ಕ್ರಮದ ಚೌಕ, 4ರಿಂದ ಭಾಗವಾಗುವ ಕ್ರಮದ ಚೌಕ ಎಲ್ಲರಿಗೂ ಬರುತ್ತವೆ. ತಕರಾರು ಇರುವುದು 6, 10, 14ರಲ್ಲಿ. ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಕೋಡ್) ಇಲ್ಲದೆ ಇವು ಆಗುವುದಿಲ್ಲ ಎಂದವರೇ ಹೆಚ್ಚು. ಆಕ್ಟೇವ್ ಎಂಬ ಗಣಿತದ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದೂ ಲೂಪ್ ಹಾಕದೆ ಏಳೆಂಟು ಸಾಲಿನಲ್ಲಿ ಮುಗಿಸಿದ್ದೇನೆ.

ಮೊದಲು ಹುಡುಕಾಟದ ಪಾಡು. 36 ಸಂಖ್ಯೆಗಳನ್ನು ಜೋಡಿಸುವ ಬಗೆಗಳೇ 10ರ 41ನೇ ಘಾತವನ್ನು ಮೀರುತ್ತವೆ. ಎರಡೆರಡು ಸಂಖ್ಯೆ ಅದಲುಬದಲು ಮಾಡುತ್ತ ಹೋದರೆ ಬೇಕಾದ ಮೊತ್ತದಿಂದ ಇರುವ ವ್ಯತ್ಯಾಸ ಬೇಗ ಇಳಿಯುತ್ತದೆ, ಆಮೇಲೆ ಸ್ವಲ್ಪ ಉಳಿದಲ್ಲೇ ಸಿಕ್ಕಿಕೊಂಡು ಅಲ್ಲಾಡುವುದಿಲ್ಲ. ಗಂಟೆ ಲೆಕ್ಕದಲ್ಲಿ ಸರ್ವರ್ ಬಾಡಿಗೆ ಹಿಡಿದರೆ ಬಿಲ್ಲು ಬೆಳೆಯುತ್ತದೆ, ಚೌಕ ಬರುವ ಖಾತ್ರಿಯಿಲ್ಲ. ಕಟ್ಟುವ ವಿಧಾನಕ್ಕೆ ಹಳೆಯ ಲ್ಯಾಪ್‌ಟಾಪ್ ಸಾಕು. ಆಕ್ಟೇವ್ ಉಚಿತ, ಆದ್ದರಿಂದ ಪರವಾನಗಿ ಖರ್ಚೂ ಇಲ್ಲ.

6ಕ್ಕೆ 3ರ ಚೌಕ ತೆಗೆದುಕೊಳ್ಳಿ: 8 1 6, 3 5 7, 4 9 2. ಅದನ್ನು ಮೇಲೆ ಎಡಕ್ಕೆ ಹಾಗೇ ಇಡಿ. ಮೇಲೆ ಬಲಕ್ಕೆ 18, ಕೆಳಗೆ ಎಡಕ್ಕೆ 27, ಕೆಳಗೆ ಬಲಕ್ಕೆ 9 ಕೂಡಿಸಿ ಇಡಿ. ಕಂಬಸಾಲುಗಳು ಆಗಲೇ ಬೇಕಾದ ಮೊತ್ತ 111. ಅಡ್ಡಸಾಲುಗಳು ಮಾತ್ರ ಮೇಲೆ 84, ಕೆಳಗೆ 138. ಮೊದಲ ಕಂಬಸಾಲಿನ ಮೇಲರ್ಧ, ಕೆಳಗರ್ಧ ಅದಲುಬದಲು ಮಾಡಿದರೆ ಅಡ್ಡಸಾಲುಗಳೂ 111 ಆಗುತ್ತವೆ, ಆದರೆ ಕರ್ಣಗಳು 84 ಮತ್ತು 138ರಲ್ಲೇ ನಿಲ್ಲುತ್ತವೆ. ಬಹಳ ಜನ ಇಲ್ಲೇ ಕೈಬಿಡುವುದು. ಪರಿಹಾರ ಎರಡನೇ ಅಡ್ಡಸಾಲಿನಲ್ಲಿದೆ: ಮೊದಲ ಕಂಬಸಾಲಿನ 3 ಮತ್ತು 30ರ ಜೋಡಿಯನ್ನು ಮರಳಿ ಮೊದಲಿನಂತೆ ಮಾಡಿ, ಎರಡನೇ ಕಂಬಸಾಲಿನ 5 ಮತ್ತು 32ನ್ನು ಬದಲಿಸಿ. ಕರ್ಣಗಳೂ 111.

10ಕ್ಕೆ 5ರ ಚೌಕ ತೆಗೆದುಕೊಂಡು ಅದೇ ಕ್ರಮದಲ್ಲಿ ಕೂಡಿಸಬೇಕಾದ್ದು 50, 75, 25. ಎಡದ ಎರಡು, ಬಲದ ಕೊನೆಯ ಒಂದು ಕಂಬಸಾಲು ಬದಲಾಗಬೇಕು. ತಿದ್ದುಪಡಿ ಮೂರನೇ ಅಡ್ಡಸಾಲಿನಲ್ಲಿ, ಒಂದನೇ ಮತ್ತು ಮೂರನೇ ಕಂಬಸಾಲಿಗೆ. ಮೊತ್ತ 505. ಬಲದ ಆ ಒಂದು ಕಂಬಸಾಲು 6ರಲ್ಲಿ ಇಲ್ಲವಾದ್ದರಿಂದ 6 ಸರಿ ಬಂದ ಕೋಡ್ 10ರಲ್ಲಿ ಕೆಡುವುದುಂಟು. ಪರೀಕ್ಷೆ ಮಾಡುವಾಗ 14ರವರೆಗೂ ಓಡಿಸಿ.

ಪೈಥಾನ್‌ನ ಸಂಖ್ಯಾ ಲೈಬ್ರರಿ ನಮ್‌ಪೈಯಲ್ಲಿ ಇದೇ ಅದಲುಬದಲನ್ನು ಸ್ಲೈಸ್‌ಗಳಿಂದ (ಸಾಲಿನ ತುಂಡುಗಳಿಂದ) ಒಂದೇ ಸಾಲಿನಲ್ಲಿ ಬರೆದರೆ ಎರಡೂ ಅರ್ಧ ಒಂದೇ ಆಗಿಬಿಡುತ್ತವೆ. ಒಂದನ್ನು ಮೊದಲು ಕಾಪಿ ಮಾಡಿಕೊಳ್ಳಲೇಬೇಕು. ಬರೀ ಮೊತ್ತ ನೋಡಿ ನಂಬಬೇಡಿ, ಸಂಖ್ಯೆ ಮರುಕಳಿಸಿಲ್ಲವೆಂದೂ ನೋಡಿ. ಆಕ್ಟೇವ್‌ನಲ್ಲಿ ಚಿಹ್ನೆಯಿಲ್ಲದ 8 ಬಿಟ್ ಪೂರ್ಣಾಂಕದಲ್ಲಿ (uint8) ಇಟ್ಟರೆ 16ರ ಚೌಕದ 256 ಸದ್ದಿಲ್ಲದೆ 255 ಆಗುತ್ತದೆ.

ಆಸಕ್ತಿಗೆಂದು ರ‍್ಯಾಂಕ್ (ಒಂದರಿಂದ ಒಂದು ಹುಟ್ಟದ ಸ್ವತಂತ್ರ ಅಡ್ಡಸಾಲುಗಳ ಎಣಿಕೆ) ತೆಗೆದೆ: 6ಕ್ಕೆ 5, 10ಕ್ಕೆ 7, ಆದರೆ ಆಕ್ಟೇವ್‌ನ ಒಳಗಿನ ಮ್ಯಾಜಿಕ್ ಫಂಕ್ಷನ್ ಕೊಡುವ 12ಕ್ಕೆ ಬರೀ 3. ಮೂಲ ಬೆಸ ಚೌಕವನ್ನು ಬದಲಿಸಿ ಒಂದೇ ಕ್ರಮದ ಬೇರೆ ಬೇರೆ ಚೌಕಗಳನ್ನೂ ಹೊರಡಿಸುತ್ತಿದ್ದೇನೆ. ಅದರ ಕೋಡ್ ಸಾಲುಗಳನ್ನು ಸದ್ಯ ನನ್ನಲ್ಲೇ ಇಟ್ಟುಕೊಂಡಿದ್ದೇನೆ.